ಪಾಠ ಕೇಳಿದ ಭತ್ತ

ಕುರುಗೋಡಿನ ನಮ್ಮ ಹೈಸ್ಕೂಲಿನಲ್ಲಿ ಒಂದು ಸೂಕ್ಷ್ಮದರ್ಶಕ ಇದೆ ಎನ್ನುವುದಕ್ಕೆ ಲ್ಯಾಬಿನ ಬೀರುವಿಗೆ ಅಂಟಿಸಿದ ಚೀಟಿಯೊಂದೇ ಆಧಾರವಾಗಿತ್ತು. ಚೀಟಿಯಲ್ಲಿ ‘ಮೈಕ್ರೋಸ್ಕೋಪ್, ಒಂದು’ ಎಂದು ಬರೆದಿತ್ತು. ಅದನ್ನು ಕಂಡೆ ಎಂದು ಹೇಳಿದವರು ಹನ್ನೊಂದು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಬೀರುವಿಗೆ ಅಂಗೈ ಅಗಲದ ಬೀಗ. ಬೀಗದ ಕೈ ಜೀವಶಾಸ್ತ್ರ ಕಲಿಸುವ ವಿಶ್ವಪ್ರಿಯ ಸರ್ ಅವರ ಗೊಂಚಲಲ್ಲಿ, ಗೊಂಚಲು ಅವರ ತೋರುಬೆರಳಿನಲ್ಲಿ. ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ ಎನ್ನುವುದು ಅವರ ವಾದ. ಅದರಲ್ಲಿ ತಪ್ಪೇನಿಲ್ಲ; ಹನ್ನೊಂದು ವರ್ಷದಲ್ಲಿ ಅದು ಒಮ್ಮೆಯೂ ಹಾಳಾಗಲಿಲ್ಲ. ಈರುಳ್ಳಿ ಸಿಪ್ಪೆಯ ಜೀವಕೋಶವನ್ನು ಅವರು ಸೀಮೆಸುಣ್ಣದಿಂದ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದರು. ಹೀಗಾಗಿ ನಮ್ಮ ಶಾಲೆಯಲ್ಲಿ ಓದಿದವರಿಗೆಲ್ಲ ಜೀವಕೋಶ ಎಂದರೆ ಬಾಗಿಲಿನಷ್ಟು ದೊಡ್ಡದು, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವಂಥದ್ದು.

ನಾನು ಆ ಶಾಲೆಯ ಅಟೆಂಡರ್, ಭೀಮರಾಜ. ಗಂಟೆ ಬಾರಿಸುವುದು, ಲ್ಯಾಬು ಗುಡಿಸುವುದು, ಕಳಿಸಿದಲ್ಲಿಗೆ ಹೋಗಿ ಹೇಳಿದ್ದನ್ನು ತರುವುದು ನನ್ನ ಕೆಲಸ. ಯಾಕೆ ಎಂದು ಕೇಳುವುದು ನನ್ನ ಕೆಲಸವಲ್ಲ. ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ ಎಂದು ಕೆಲವರು ಹೇಳುತ್ತಾರೆ. ಹೇಳಲಿ.

ವಿಶ್ವಪ್ರಿಯ ಸರ್ ಬಳ್ಳಾರಿಯ ಕಂಟೋನ್ಮೆಂಟಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ದೇವರು ಅವರಿಗೆ ದನಿ ಕೊಟ್ಟಿದ್ದಾನೆ; ಕೊಡುವುದು ಅಲ್ಲಿಗೇ ಮುಗಿದಿತ್ತು. ಒಮ್ಮೆ ಅವರು ಒಂಬತ್ತನೇ ತರಗತಿಯಲ್ಲಿ ‘ಹೃದಯಾಘಾತ’ ಎಂದು ಒತ್ತಿ ಹೇಳಿದಾಗ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ವಗ್ಗರಣಿ ತಿನ್ನುತ್ತಿದ್ದ ಒಬ್ಬ ಎದೆ ಹಿಡಿದುಕೊಂಡು ಕೂತ. ಈಗ ಆರಾಮಾಗಿದ್ದಾನೆ, ಆದರೆ ಆ ಕಡೆ ಬರುವುದಿಲ್ಲ. ಸರ್‌ಗೆ ತಮ್ಮ ದನಿಯ ಮೇಲೆ ಅಪಾರ ಭಕ್ತಿ. ಮನೆಯಂಗಳದ ತುಳಸಿಯ ಎದುರು ನಿಂತು ಅವರು ಬೆಳಗ್ಗೆ ಪಾಠದ ತಾಲೀಮು ಮಾಡುತ್ತಿದ್ದರಂತೆ. ತುಳಸಿ ಎದೆಯ ಮಟ್ಟ ಬೆಳೆಯಿತಂತೆ. ಅವರ ಹೆಂಡತಿ ಲಕ್ಷ್ಮೀಬಾಯಿ ಅದಕ್ಕೆ ದಿನಾ ನೀರು, ಗೊಬ್ಬರ ಹಾಕುತ್ತಿದ್ದರು ಎನ್ನುವುದನ್ನು ಸರ್ ಗಮನಕ್ಕೆ ತೆಗೆದುಕೊಂಡಿರಲಿಲ್ಲ. ತಮ್ಮ ಪಾಠಕ್ಕೆ ಗಿಡ ಬೆಳೆಯುತ್ತದೆ ಎಂದು ತೀರ್ಮಾನಿಸಿದ್ದರು. ಅದೇ ಪಾಠ ಕೇಳಿದ ಮಕ್ಕಳು ಯಾಕೆ ಬೆಳೆಯಲಿಲ್ಲ ಎನ್ನುವುದು ಬೇರೆ ಪ್ರಶ್ನೆ.

ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನದ ಸುತ್ತೋಲೆ ಬಂದಾಗ ಸರ್ ಇದನ್ನೇ ಪ್ರಯೋಗ ಮಾಡಿ ಬಳ್ಳಾರಿಗೆ ಒಯ್ಯುವುದಾಗಿ ಸಾರಿದರು. ಭತ್ತಕ್ಕೆ ಹನ್ನೆರಡು ದಿನ ಪಾಠ ಹೇಳುವುದು, ಭತ್ತ ಬೆಳೆಯುವುದು, ಬಹುಮಾನ ಬರುವುದು. ತೀರ್ಪುಗಾರರ ಮುಂದೆ ನಿಂತು ವಿವರಿಸಲು ಒಬ್ಬ ವಿದ್ಯಾರ್ಥಿ ಬೇಕಿತ್ತು. ಅದಕ್ಕೆ ಅವರು ಒಂಬತ್ತನೇ ತರಗತಿಯ ಸುಮೈರಾಳನ್ನು ಆರಿಸಿದರು.

ಸುಮೈರಾ ನಮ್ಮ ಓಣಿಯ ಹುಡುಗಿ. ಅವಳಪ್ಪ ಪೀರಸಾಬ್ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಭತ್ತದ ಹೊಟ್ಟು ಬಿಡಿಸುವ ಯಂತ್ರ ರಿಪೇರಿ ಮಾಡುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಹುಡುಗಿ ಬೆಳೆದದ್ದು ಅಜ್ಜಿ ರಹೀಮಾಬೀಯ ಹತ್ತಿರ. ಎಂಟನೇ ತರಗತಿಗೆ ಕಾಲಿಟ್ಟ ದಿನವೇ ಅವಳು ಬೀರುವಿನ ಚೀಟಿ ಓದಿ, ಅದನ್ನು ಯಾವಾಗ ತೋರಿಸುತ್ತೀರಿ ಎಂದು ಕೇಳಿದ್ದಳು. ಆಮೇಲೆ ತಿಂಗಳಿಗೊಮ್ಮೆ ಕೇಳುತ್ತಲೇ ಇದ್ದಳು. ಅವಳಿಗೆ ಈರುಳ್ಳಿ ಸಿಪ್ಪೆಯ ಜೀವಕೋಶವನ್ನು ಕಣ್ಣಿನಿಂದ ನೋಡಬೇಕಿತ್ತು, ಅಷ್ಟೇ. ಅದಕ್ಕೊಂದು ಸಿಪ್ಪೆಯನ್ನೂ ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತಿದ್ದಳು. ಒಣಗಿದರೆ ಬದಲಿಸುತ್ತಿದ್ದಳು.

ಸರ್ ಗೊಂಚಲು ತಿರುಗಿಸುತ್ತ ಅವಳಿಗೆ ಒಂದು ಮಾತು ಕೊಟ್ಟರು.

“ನಾ ಬರದು ಕೊಟ್ಟದ್ದನ್ನ ಬಾಯಿಪಾಠ ಮಾಡಿ ಬಳ್ಳಾರ್ಯಾಗ ನೆಟ್ಟಗ ಒಪ್ಪಿಸು. ಬಹುಮಾನ ಬಂತಂದ್ರ ಬೀರುವಿನ ಕೈ ನಿನ್ನ ಕೈಗೇ ಕೊಡ್ತೀನಿ. ಬೇಕಾದಷ್ಟು ನೋಡ್ಕೋ.”

ಸುಮೈರಾ ಒಪ್ಪಿಕೊಂಡಳು. ಅವಳ ಕಣ್ಣು ಆ ಗೊಂಚಲಿನ ಜೊತೆ ಸುತ್ತುತ್ತಿತ್ತು.

ಮರುದಿನ ಸರ್ ನನ್ನನ್ನು ಕರೆದು, ಪೀರಸಾಬನ ಕಡೆಯಿಂದ ಸಿರುಗುಪ್ಪದ ಒಳ್ಳೆಯ ಬೀಜದ ಭತ್ತ ತರಿಸಲು ಹೇಳಿದರು. ತರಿಸಿದೆ. ಆಮೇಲೆ ಚಾರ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತ, ತಲೆ ಎತ್ತದೆ ಹೇಳಿದರು:

“ಭೀಮರಾಜ, ಹೋಗಿ ಒಂದು ಕಂಟ್ರೋಲ್ ತಗೊಂಡು ಬಾ. ಎರಡನೇ ಕುಂಡದಾಗ ಹಾಕು. ಕಂಟ್ರೋಲ್ ಇಲ್ಲದ ಪ್ರಯೋಗಕ್ಕ ಬೆಲಿ ಇರೂದಿಲ್ಲ.”

ರೇಷನ್ ಅಂಗಡಿಗೆ ನಮ್ಮ ಕಡೆ ಕಂಟ್ರೋಲ್ ಎಂದೇ ಹೆಸರು. ಅಲ್ಲಿ ಕೊಡುವುದು ಕಂಟ್ರೋಲ್ ಅಕ್ಕಿ. ನನ್ನ ತಾಯಿ ಹಾಗೆ ಹೇಳುತ್ತಿದ್ದಳು, ಆಂಧ್ರದಿಂದ ಬಂದ ನನ್ನ ಹೆಂಡತಿಯೂ ಹಾಗೇ ಹೇಳುತ್ತಾಳೆ. ನಾನು ಕಾರ್ಡು ತೆಗೆದುಕೊಂಡು ಹೋದೆ. ಸಾಲಿನಲ್ಲಿ ನಿಂತೆ. ಯಂತ್ರ ನನ್ನ ಹೆಬ್ಬೆರಳನ್ನು ಮೂರು ಸಲ ನಂಬಲಿಲ್ಲ, ನಾಲ್ಕನೆಯ ಸಲ ನಂಬಿತು. ತಂದ ಅಕ್ಕಿಯಲ್ಲಿ ಒಂದು ಹಿಡಿಯನ್ನು ಎರಡನೇ ಕುಂಡದಲ್ಲಿ ಬಿತ್ತಿದೆ. ಉಳಿದದ್ದನ್ನು ಮನೆಯಲ್ಲಿ ಉಂಡೆವು.

ನೀನು ಬೇಕೆಂದೇ ಮಾಡಿದೆ ಎನ್ನುವವರಿದ್ದಾರೆ. ಸರ್ ಹೇಳಿದ್ದನ್ನು ನಾನು ಯಾವತ್ತೂ ಬೇಕೆಂದೇ ಮಾಡಿದ್ದೇನೆ.

ಮೊದಲನೇ ಕುಂಡ ಬಣ್ಣ ಬಳಿದ ಹೊಸ ಕುಂಡ. ಅದನ್ನು ಪೂರ್ವದ ಕಿಟಕಿಯಲ್ಲಿ ಇಟ್ಟರು. ಅದಕ್ಕೆ ಸರ್ ತಮ್ಮ ಬಾಟಲಿಯ ಫಿಲ್ಟರ್ ನೀರು ಹಾಕುತ್ತಿದ್ದರು. ಎರಡನೆಯದು ಕುಂಡ ಎಂದು ಹೆಸರಿಗೆ. ಸುಣ್ಣ ಬಳಿಯುವ ಒಡಕು ಬಕೀಟು. ಅದು ಬಾಗಿಲ ಹಿಂದೆ, ಪೊರಕೆಯ ಪಕ್ಕ. ಅದಕ್ಕೆ ನಾನು ಕೈ ತೊಳೆದ ನೀರು.

ಸುಮೈರಾ ಬಂದು ಬಕೀಟಿನ ಮಣ್ಣು ಕೆದಕಿ ನೋಡಿದಳು. ರೈಸ್ ಮಿಲ್ಲಿನವನ ಮಗಳು, ಬೆರಳಿಗೇ ಗೊತ್ತಾಯಿತು. ಚಾರ್ಟು ಬರೆಯುತ್ತಿದ್ದ ಸರ್‌ಗೆ, ಇದು ಭತ್ತವಲ್ಲ ಅಕ್ಕಿ, ಇದು ಮೊಳೆಯುವುದಿಲ್ಲ ಎಂದು ಹೇಳಿದಳು. ಸರ್ ತಿರುಗಿಯೂ ನೋಡಲಿಲ್ಲ.

“ಅದು ಕಂಟ್ರೋಲು. ಕಂಟ್ರೋಲ್ ಅಂದ್ರೇನು? ಹಿಡಿತದಾಗ ಇರಬೇಕು. ಅದೂ ಬೆಳದ್ರ ಅದೆಂಥಾ ಕಂಟ್ರೋಲು? ನೀ ಬಾಯಿಪಾಠ ಮಾಡು ಹೋಗು.”

ಹೀಗೆ ಪ್ರಯೋಗ ಶುರುವಾಯಿತು. ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸರ್ ಕಿಟಕಿಯ ಕುಂಡದ ಮುಂದೆ ನಿಂತು ಹತ್ತು ನಿಮಿಷ ಪಾಠ ಹೇಳುತ್ತಿದ್ದರು. ಯಾವ ಪಾಠ ಅಂದುಕೊಂಡಿರಿ? ಪ್ರಯೋಗದಲ್ಲಿ ಚರಗಳು ಎನ್ನುವ ಪಾಠ.

“ಸ್ವತಂತ್ರ ಚರ ಎಂದರೆ ನಾವು ಬೇಕೆಂದೇ ಬದಲಿಸುವ ಒಂದು ಅಂಶ. ಅವಲಂಬಿತ ಚರ ಎಂದರೆ ಅದರಿಂದಾಗಿ ಬದಲಾಗುವ, ನಾವು ಅಳೆಯುವ ಅಂಶ. ಉಳಿದ ಎಲ್ಲವನ್ನೂ ಎರಡೂ ಕಡೆ ಒಂದೇ ರೀತಿ ಇಡತಕ್ಕದ್ದು.”

‘ಇಡತಕ್ಕದ್ದು’ ಎನ್ನುವಾಗ ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಗಿಳಿಗಳು ಬೇವಿನ ಮರ ಬಿಟ್ಟು ಏಳುತ್ತಿದ್ದವು. ಬಾಗಿಲ ಹಿಂದಿನ ಬಕೀಟಿಗೂ ಆ ಪಾಠ ಅಷ್ಟೇ ಸ್ಪಷ್ಟವಾಗಿ ಕೇಳುತ್ತಿತ್ತು. ಅದು ಅವರ ತಲೆಗೆ ಹೋಗಲಿಲ್ಲ. ಆ ಕೋಣೆಯಲ್ಲಿ ಆ ಪಾಠ ಕೇಳದೆ ಇದ್ದವರು ಅದನ್ನು ಹೇಳುತ್ತಿದ್ದವರೊಬ್ಬರೇ.

ಮೊದಲ ಪಾಠದ ದಿನ ಸಂಜೆ ಸುಮೈರಾ ನನ್ನ ಮನೆಗೆ ಬಂದಳು. ಸರ್ ಬದಲು ಮಾಡಬೇಕಾದ್ದು ಒಂದೇ, ಪಾಠ. ಬದಲು ಮಾಡಿರುವುದು ಎಷ್ಟು ಎಂದು ಎಣಿಸತೊಡಗಿದಳು. ನನಗೆ ತಿಳಿಯಲಿಲ್ಲ. ಅವಳು ಅಜ್ಜಿಯ ಸಾರಿನಿಂದ ತಿಳಿಸಿದಳು.

“ಸಾರಿಗೆ ಉಪ್ಪು, ಖಾರ, ಹುಣಸಿ ಮೂರೂ ಒಮ್ಮಿಗೇ ಹೆಚ್ಚು ಕಮ್ಮಿ ಮಾಡಿಬಿಟ್ರ, ಯಾವುದ್ರಿಂದ ಕೆಡ್ತು ಅಂತ ನಮ್ಮಜ್ಜಿಗೆ ಹೆಂಗ ಗೊತ್ತಾಗಬೇಕು ಕಾಕಾ? ಆಕಿ ದಿನಕ್ಕ ಒಂದೇ ಬದಲು ಮಾಡ್ತಾಳ. ಇವತ್ತು ಹುಣಸಿ, ನಾಳಿ ಉಪ್ಪು.”

ರಹೀಮಾಬೀ ಯಾವ ಸುತ್ತೋಲೆಯನ್ನೂ ಓದಿದವಳಲ್ಲ. ಅವಳ ಸಾರು ನಾನು ಉಂಡಿದ್ದೇನೆ. ವಿಶ್ವಪ್ರಿಯ ಸರ್ ಅವರ ಬಿ.ಎಡ್. ಅದರ ಮುಂದೆ ನೀರು.

ಸುಮೈರಾ ತಾನೇ ಸರಿಯಾಗಿ ಮಾಡಿ ನೋಡುತ್ತೇನೆ ಎಂದಳು. ಒಂದೇ ಅಳತೆಯ ಎರಡು ಮೊಸರಿನ ಕುಡಿಕೆ. ಒಂದೇ ಹೊಲದ ಮಣ್ಣು, ತಕ್ಕಡಿಯಲ್ಲಿ ತೂಗಿ. ಒಂದೊಂದರಲ್ಲಿ ಇಪ್ಪತ್ತು ಕಾಳು ಬೀಜದ ಭತ್ತ. ನೀರು ಅಜ್ಜಿಯ ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದು. ಹಗಲೆಲ್ಲ ಎರಡೂ ಅಕ್ಕಪಕ್ಕ, ಅಜ್ಜಿಯ ಮಾಳಿಗೆಯ ಮೇಲೆ. ಒಂದು ಪಾಠ ಕೇಳಬೇಕು, ಇನ್ನೊಂದು ಕೇಳಬಾರದು; ಹೋಲಿಸಿ ನೋಡಲು ಇಟ್ಟ ಆ ಇನ್ನೊಂದಕ್ಕೇ ಪುಸ್ತಕದಲ್ಲಿ ಕಂಟ್ರೋಲ್ ಎನ್ನುತ್ತಾರಂತೆ.

ತೊಂದರೆ ಅಲ್ಲೇ ಇತ್ತು. ಪಾಠದ ಹೊತ್ತಿಗೆ ಸರ್ ದನಿ ಮುಟ್ಟದ ಜಾಗ ಕುರುಗೋಡಿನಲ್ಲಿ ಎಲ್ಲಿದೆ? ಹುಡುಕಿದೆವು. ಸಂತೆ ಬಯಲಿನಲ್ಲಿ ‘ಅವಲಂಬಿತ’ ಕೇಳಿತು. ಕಾಲುವೆಯ ದಂಡೆಯಲ್ಲಿ ‘ತಕ್ಕದ್ದು’ ಕೇಳಿತು. ಕೊನೆಗೆ ಗುಡ್ಡದ ಹಿಂದೆ ಒಂದು ಬಂಡೆಯ ಸಂದಿ ಸಿಕ್ಕಿತು. ಗುಡ್ಡದ ಮೇಲಿನ ಹಳೆಯ ಕೋಟೆ ಕಟ್ಟಿದವರು ಶತ್ರುವಿಗೆಂದು ಕಾದು ಕೂತ ಜಾಗ ಇರಬೇಕು. ಅಲ್ಲಿ ಮಾತ್ರ ಏನೂ ಕೇಳುತ್ತಿರಲಿಲ್ಲ. ಪಾಠದ ಹೊತ್ತಿಗೆ ಒಂದು ಕುಡಿಕೆಯನ್ನು ಲ್ಯಾಬಿನ ಇನ್ನೊಂದು ಕಿಟಕಿಯಲ್ಲಿ ಸರ್ ಕಣ್ಣಿಗೆ ಬೀಳದ ಹಾಗೆ ಇಟ್ಟು, ಇನ್ನೊಂದನ್ನು ಸೈಕಲ್ಲಿನ ಮೇಲೆ ಗುಡ್ಡದ ಹಿಂದಕ್ಕೆ ಒಯ್ಯುವ ಕೆಲಸ ನನ್ನದಾಯಿತು.

ಮೊದಲ ದಿನ ಹೋಗಿ ಬಂದೆ. ಸುಮೈರಾ ಯೋಚಿಸುತ್ತ ನಿಂತಿದ್ದಳು. ಗುಡ್ಡಕ್ಕೆ ಹೋದ ಕುಡಿಕೆ ಸೈಕಲ್ ಹತ್ತಿದೆ, ಕುಲುಕಾಡಿದೆ, ಬಿಸಿಲು ಕಂಡಿದೆ. ಪಾಠ ಕೇಳಿದ್ದು ಹತ್ತಿಲ್ಲ. ಹಾಗಾದರೆ ಬದಲಾದದ್ದು ಎರಡಾಯಿತಲ್ಲ ಎಂದಳು. ಅದಕ್ಕೆ ಪಾಠ ಮುಗಿದ ಮೇಲೆ ಪಾಠ ಕೇಳಿದ ಕುಡಿಕೆಯನ್ನೂ ಅದೇ ದಾರಿಯಲ್ಲಿ ಗುಡ್ಡ ಸುತ್ತಿಸಬೇಕು, ಆಗ ಮತ್ತೊಂದು ಸುಮ್ಮನೆ ಕಿಟಕಿಯಲ್ಲಿ ಕೂರಬೇಕು.

ಅಂದಿನಿಂದ ನಾನು ದಿನಕ್ಕೆ ಎರಡು ಸಲ ಗುಡ್ಡ ಸುತ್ತಿದೆ. ಊರವರು ಹರಕೆಯೇ ಎಂದು ಕೇಳಿದರು. ಒಂದು ಕುಡಿಕೆಗೆ ಕಿವಿ ಮಂದ, ಹವಾ ಬದಲಾವಣೆಗೆ ಒಯ್ಯುತ್ತಿದ್ದೇನೆ ಎಂದೆ. ಇಬ್ಬರು ನಂಬಿದರು. ಅವರಲ್ಲಿ ಒಬ್ಬ ಪಂಚಾಯಿತಿ ಸದಸ್ಯ.

ಮೂರನೆಯ ದಿನ ಸುಮೈರಾ, ದಾರಿಯಲ್ಲಿ ನೀನು ಮಾತಾಡುತ್ತೀಯಾ ಎಂದು ಕೇಳಿದಳು. ಒಂಟಿ ದಾರಿ, ಸುಮ್ಮನೆ ಹೋಗಲು ನನಗೆ ಬರುವುದಿಲ್ಲ. ಪಾಠ ಕೇಳದ ಕುಡಿಕೆಗೆ ಪಾಪ ಎನಿಸಿ, ನಾನು ತುಂಗಭದ್ರೆಯ ಮೊಸಳೆಗೆ ಹಲ್ಲು ಕಿತ್ತ ಕಥೆ ಹೇಳಿದ್ದೆ. ಇನ್ನೊಂದಕ್ಕೆ ಹೇಳಿರಲಿಲ್ಲ, ಅದು ಆಗಲೇ ಸರ್ ಕೈಯಲ್ಲಿ ಸಾಕಷ್ಟು ಅನುಭವಿಸಿತ್ತು.

ಸುಮೈರಾ ಎರಡೂ ಕುಡಿಕೆ ಎತ್ತಿಕೊಂಡಳು. ಆಗ ತಾನೇ ಬಿಳಿ ಮೊಳಕೆ ತೋರಿಸುತ್ತಿದ್ದ ನಲವತ್ತೂ ಕಾಳನ್ನು ಮಣ್ಣಿನ ಸಮೇತ ತಿಪ್ಪೆಗೆ ಸುರಿದಳು. ಮತ್ತೆ ಮಣ್ಣು ತೂಗಿದಳು, ಮತ್ತೆ ಎಣಿಸಿ ಬಿತ್ತಿದಳು.

“ಕಾಕಾ, ನಾಳಿಂದ ಬಾಯಿ ಮುಚ್ಚಿಕೊಂಡು ಹೋಗು.”

ನನ್ನ ಬಾಯಿಯೂ ಒಂದು ಚರ ಎಂದು ನನಗೆ ಆವತ್ತು ಗೊತ್ತಾಯಿತು. ಐವತ್ತೊಂದು ವರ್ಷದ ನನ್ನ ಬಾಳಿನಲ್ಲಿ ಯಾರೂ ನನ್ನ ಬಾಯಿಗೆ ಅಷ್ಟು ಬೆಲೆ ಕೊಟ್ಟಿರಲಿಲ್ಲ.

ಪ್ರದರ್ಶನದ ಹಿಂದಿನ ದಿನದ ಹೊತ್ತಿಗೆ ಸರ್ ಅವರ ಕುಂಡದಲ್ಲಿ ಭತ್ತ ಗೇಣುದ್ದ ನಿಂತಿತ್ತು. ಬಕೀಟಿನಲ್ಲಿ ಇರುವೆ ಇದ್ದವು, ಒಂದು ವಾಸನೆ ಇತ್ತು. ಸರ್ ದೂರದಿಂದಲೇ ನೋಡಿ, ಕಂಟ್ರೋಲ್ ಪೂರಾ ಕಂಟ್ರೋಲಿನಲ್ಲಿದೆ ಎಂದು ಖುಷಿಪಟ್ಟರು. ಸುಮೈರಾಳ ಕುಡಿಕೆಗಳಲ್ಲಿ ಇಪ್ಪತ್ತಕ್ಕೆ ಹದಿನೆಂಟು, ಇಪ್ಪತ್ತಕ್ಕೆ ಹದಿನೆಂಟು ಮೊಳೆತಿದ್ದವು. ಪ್ರತಿ ಸಸಿಯನ್ನೂ ಅಳೆದು ಸರಾಸರಿ ತೆಗೆದಿದ್ದಳು. ಪಾಠ ಕೇಳಿದ್ದು ಏಳು ಸೆಂಟಿಮೀಟರು. ಕೇಳದ್ದು ಏಳು ಸೆಂಟಿಮೀಟರು, ಮೇಲೆ ಮೂರು ಮಿಲಿಮೀಟರು.

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಸರ್ ದನಿಗೆ ಭತ್ತ ಕುಗ್ಗುತ್ತದೆ ಎಂದು ಊರೆಲ್ಲ ಸಾರಲು ಹೊರಟೆ. ಸಾಯಂಕಾಲದೊಳಗೆ ಆ ಮೂರು ಮಿಲಿಮೀಟರನ್ನು ಮೂರು ಅಂಗುಲ ಮಾಡುವ ಶಕ್ತಿ ನನಗಿತ್ತು. ಹುಡುಗಿ ಅಡ್ಡ ಬಂದಳು.

“ಮೂರು ಮಿಲಿಮೀಟರಿಗೆ ಏನೂ ಹೇಳಾಕ ಬರಂಗಿಲ್ಲ. ಇರೂದು ಒಂದೊಂದ ಕುಡಿಕಿ. ಪಾಠದಿಂದ ಬೆಳಿತು ಅಂತ ಕಾಣವಲ್ದು, ಅಷ್ಟ ಬರಿಯೂದು.”

ಅಷ್ಟೇ ಬರೆದಳು. ನಾನು ಕಂಡ ಹಾಗೆ, ಬೈಯಲು ಅಷ್ಟು ಒಳ್ಳೆಯ ಅವಕಾಶವನ್ನು ಕೈಯಾರೆ ಬಿಟ್ಟುಕೊಟ್ಟವಳು ಅವಳೊಬ್ಬಳೇ.

ಬೆಳಗ್ಗೆ ಬಳ್ಳಾರಿ ಬಸ್ಸು ಹತ್ತಿದೆವು; ಚಾರ್ಟು ಮುಗಿಸಲೆಂದು ಸರ್ ರಾತ್ರಿ ಶಾಲೆಯಲ್ಲೇ ಉಳಿದಿದ್ದರು. ಸರ್ ಚಾರ್ಟು ಹಿಡಿದು ಮುಂದೆ, ನಾನು ಕುಂಡ ತೊಡೆಯ ಮೇಲೆ, ಬಕೀಟು ಕಾಲ ಕೆಳಗೆ. ಸುಮೈರಾ ಬಟ್ಟೆ ಚೀಲದಲ್ಲಿ ಎರಡು ಕುಡಿಕೆ ಹಿಡಿದಿದ್ದಳು. ಅದೇನು ಎಂದು ಸರ್ ಕೇಳಿದರು. ಊಟಕ್ಕೆ ಮೊಸರು ಎಂದೆ. ಕೊಳಗಲ್ಲಿನಲ್ಲಿ ಹತ್ತಿದ ಒಬ್ಬಾಕೆ ಚೀಲದೊಳಗೆ ಇಣುಕಿ, ಮೊಸರಿಗೆ ಪೈರು ಬಂದಿದೆಯಲ್ಲ ಎಂದಳು. ಹಳೆಯ ಮೊಸರು ಎಂದೆ. ಸರ್ ಚಾರ್ಟಿನ ಹಿಂದೆ ಬಾಯಿಪಾಠ ಮಾಡುತ್ತಿದ್ದರು, ಬಸ್ಸಿಗೆಲ್ಲ ಕೇಳುತ್ತಿತ್ತು.

ಪ್ರದರ್ಶನ ಕಂಟೋನ್ಮೆಂಟಿನ ಒಂದು ಶಾಲೆಯ ಉದ್ದನೆಯ ಹಾಲಿನಲ್ಲಿ. ನಮ್ಮ ಮೇಜಿನ ಎಡಕ್ಕೆ ಜ್ವಾಲಾಮುಖಿ, ಬಲಕ್ಕೆ ಬಲೂನಿನಲ್ಲಿ ಮಾಡಿದ ಶ್ವಾಸಕೋಶ. ತೀರ್ಪುಗಾರರು ಜ್ಯೋತಿಲಕ್ಷ್ಮಿ ಮೇಡಂ ಎನ್ನುವವರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ತೆಕ್ಕಲಕೋಟೆಯ ಕಡೆಯವರು, ಭತ್ತದ ಗದ್ದೆಯಲ್ಲಿ ಬೆಳೆದವರು ಎಂದು ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಸರ್ ಜ್ವಾಲಾಮುಖಿ ತರುತ್ತಿದ್ದರು.

ಮೇಡಂ ಬಂದು ನಿಂತರು. ಸರ್ ಹುಡುಗಿಯನ್ನು ಹಿಂದೆ ಸರಿಸಿ ತಾವೇ ಶುರು ಮಾಡಿದರು. ಸ್ವತಂತ್ರ ಚರ, ಅವಲಂಬಿತ ಚರ, ಇಡತಕ್ಕದ್ದು. ಪಕ್ಕದ ಬಲೂನಿನ ಶ್ವಾಸಕೋಶ ತಾನಾಗೇ ಉಬ್ಬಿತು. ಮೇಡಂ ಪೂರ್ತಿ ಕೇಳಿಸಿಕೊಂಡು, ವ್ಯಾಖ್ಯೆ ಒಂದಕ್ಷರ ತಪ್ಪಿಲ್ಲ ಎಂದು ಮೆಚ್ಚಿದರು. ಆಮೇಲೆ ಸುಮೈರಾಳ ಕಡೆ ತಿರುಗಿದರು.

“ನೀ ಹೇಳವ್ವ. ಎರಡು ಕುಂಡಕ್ಕ ಏನೇನು ಬದಲು ಮಾಡೀರಿ?”

ಸರ್ ಬರೆದು ಕೊಟ್ಟ ಉತ್ತರ ನನಗೂ ಬಾಯಿಗೆ ಬರುತ್ತಿತ್ತು. ‘ಪಾಠವೊಂದನ್ನೇ’ ಎನ್ನಬೇಕಿತ್ತು. ಒಂದೇ ಪದ. ಸರ್ ಬೆರಳಿನಲ್ಲಿ ಗೊಂಚಲು ಝಣ್ ಎಂದಿತು. ಹುಡುಗಿ ಗೊಂಚಲನ್ನು ನೋಡಿದಳು. ಅದರಲ್ಲಿ ಬೀರುವಿನ ಕೈ ಯಾವುದು ಎಂದು ಅವಳಿಗೆ ಗೊತ್ತಿತ್ತು. ಹಿತ್ತಾಳೆಯದು, ಕುತ್ತಿಗೆ ಸ್ವಲ್ಪ ಸೊಟ್ಟ. ಎರಡು ವರ್ಷದಿಂದ ನೋಡುತ್ತಿದ್ದಳು. ಕೈ ತಾನಾಗಿ ಕಂಪಾಸು ಪೆಟ್ಟಿಗೆಯ ಮೇಲೆ ಹೋಯಿತು.

“ಪಾಠ,” ಎಂದಳು.

ಸರ್ ಉಸಿರು ಬಿಟ್ಟರು.

“ಆಮ್ಯಾಲೆ ಕಿಟಕಿ. ಆಮ್ಯಾಲೆ ನೀರು. ಕುಂಡ. ಬೀಜ. ಐದು ಬದಲಾಗ್ಯಾವ್ರಿ ಮೇಡಂ. ಪಾಠ ಅಂತೂ ಬದಲಾಗೇ ಇಲ್ಲ, ಬಕೀಟೂ ಅದ ಕೋಣ್ಯಾಗ ಇತ್ತು. ಹಂಗಾದ್ರ ನಾಕು.”

ಮೇಡಂ ತಲೆಯಿಂದ ಒಂದು ಹೇರ್‌ಪಿನ್ ತೆಗೆದು ಬಕೀಟಿನ ಮಣ್ಣು ಕೆದಕಿದರು. ಉಬ್ಬಿ ಮೆತ್ತಗಾದ ಒಂದು ಕಾಳು ಬಂತು. ಎರಡು ಬೆರಳಲ್ಲಿ ಹಿಸುಕಿದರು. ಅನ್ನದಂತೆ ಮುದ್ದೆಯಾಯಿತು.

“ಇದು ಅಕ್ಕಿ.”

“ಅದು ಕಂಟ್ರೋಲ್, ಮೇಡಂ,” ಎಂದರು ಸರ್.

ಮೇಡಂ ಮೂಗಿನ ಹತ್ತಿರ ಹಿಡಿದು ನೋಡಿದರು. “ಅದೂ ಗೊತ್ತಾತು. ಕಂಟ್ರೋಲ್ ಅಕ್ಕಿ.”

ಜ್ವಾಲಾಮುಖಿಯ ಮಕ್ಕಳು ಮೊದಲು ನಕ್ಕರು. ಸರ್ ಬಾಗಿ ಬಕೀಟಿನೊಳಗೆ ನೋಡಿದರು. ಹನ್ನೆರಡು ದಿನದಲ್ಲಿ ಅದೇ ಮೊದಲು. ಆಮೇಲೆ ನನ್ನ ಕಡೆ ತಿರುಗಿ, ಇಂಥ ಅನಕ್ಷರಸ್ಥರನ್ನು ಕಟ್ಟಿಕೊಂಡು ವಿಜ್ಞಾನ ಮಾಡುವುದು ಹೇಗೆ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

“ನೀವು ಕಂಟ್ರೋಲ್ ತಗೊಂಡ್ ಬಾ ಅಂದ್ರಿ ಸರ್. ಕಂಟ್ರೋಲಿಗೆ ಹೋಗಿ ತಂದೀನಿ. ಹೆಬ್ಬೆಟ್ಟೂ ಕೊಟ್ಟೀನಿ,” ಎಂದೆ.

ಮೇಡಂ ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ನಾನು ಮುಖ ಅಲುಗಿಸಲಿಲ್ಲ. ನಲವತ್ತು ವರ್ಷದ ಅಭ್ಯಾಸ. ಮೇಡಂ ಹುಡುಗಿಯ ಕಡೆ ತಿರುಗಿ, ಇದನ್ನು ನೀನಾಗಿದ್ದರೆ ಹೇಗೆ ಮಾಡುತ್ತಿದ್ದೆ ಎಂದು ಕೇಳಿದರು. ಸುಮೈರಾ ಮೇಜಿನ ಕೆಳಗಿನಿಂದ ಮೊಸರು ತೆಗೆದಳು.

ಎರಡು ಕುಡಿಕೆ, ಒಂದು ನೋಟ್‌ಬುಕ್ಕು. ಮೇಡಂ ಕನ್ನಡಕ ಏರಿಸಿ ನಿಂತಲ್ಲೇ ಓದಿದರು. ಒಂದು ಸಾಲನ್ನು ಎರಡು ಸಲ ಓದಿದರು, ಎರಡನೆಯ ಸಲ ಗಟ್ಟಿಯಾಗಿ: ‘ಮೂರನೇ ದಿನ. ದಾರಿಯಲ್ಲಿ ಭೀಮರಾಜ ಕಾಕಾ ಒಂದೇ ಕುಡಿಕೆಗೆ ಕಥೆ ಹೇಳಿದರು. ಎರಡನ್ನೂ ಚೆಲ್ಲಿ ಹೊಸದಾಗಿ ಬಿತ್ತಿದೆ.’ ಅವರ ಮುಖದಲ್ಲಿ ಏನೋ ಆಯಿತು. ನಾನು ಅದನ್ನು ವರ್ಣಿಸಬಲ್ಲೆ, ಆದರೆ ಸುಮೈರಾ ಇದನ್ನು ಓದುತ್ತಾಳೆ.

ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆಯಾ ಎಂದು ಮೇಡಂ ಕೇಳಿದರು. ಇಲ್ಲ ಎಂದಳು. ಯಾಕೆ ಎಂದರು. ಹುಡುಗಿ ನೆಲ ನೋಡಿದಳು. ಗೊಂಚಲು ಸದ್ದಿಲ್ಲದೆ ಸರ್ ಜೇಬಿಗೆ ಇಳಿಯಿತು.

ಬಹುಮಾನ ಬಲೂನಿನ ಶ್ವಾಸಕೋಶಕ್ಕೆ ಬಂತು. ಪ್ರತಿ ವರ್ಷ ಅದಕ್ಕೇ ಬರುತ್ತದೆ. ಶಾಲೆಯ ಹೆಸರಿನಲ್ಲಿ ದಾಖಲಾದದ್ದು ಸರ್ ಅವರ ಪ್ರಯೋಗ, ಕುಡಿಕೆಗಳಿಗೆ ಬಹುಮಾನ ಕೊಡಲು ನಿಯಮ ಇರಲಿಲ್ಲ. ಮೇಡಂ ನಮ್ಮ ಅಂಕದ ಹಾಳೆಯ ಕೊನೆಗೆ ಎರಡು ಸಾಲು ಬರೆದು ಮೊಹರು ಹಾಕಿದರು: ‘ಈ ವಿದ್ಯಾರ್ಥಿನಿ ಎರಡೂ ಕುಡಿಕೆಯ ಸಸಿಗಳ ಬೇರನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ, ಒಂದು ವಾರದಲ್ಲಿ ನನಗೆ ಬರೆದು ಕಳಿಸಲಿ.’

ವಾಪಸ್ ಬರುವಾಗ ಸರ್ ಜೊತೆಗಿರಲಿಲ್ಲ, ಅವರ ಮನೆ ಅಲ್ಲೇ. ಬಸ್ಸು ಬಹಳ ವಿಶಾಲವಾಗಿತ್ತು. ಸುಮೈರಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಹುಮಾನ ಇಲ್ಲ ಎಂದರೆ ಬೀಗದ ಕೈ ಇಲ್ಲ. ನಾನು ಮೊಸಳೆಯ ಕಥೆ ಹೇಳಲು ಹೋದೆ. ಬೇಡ ಎಂದಳು.

ಸೋಮವಾರ ಹೆಡ್‌ಮಾಸ್ಟರ್ ಚಿದಾನಂದಪ್ಪನವರು ಆ ಎರಡು ಸಾಲು ಓದಿದರು. ಅವರು ಮೊಹರು ಕಂಡರೆ ಎದ್ದು ನಿಲ್ಲುವ ಮನುಷ್ಯ. ವಿಶ್ವಪ್ರಿಯ ಸರ್ ಅವರನ್ನು ಕರೆಸಿ ಬೀರು ತೆರೆಯಲು ಹೇಳಿದರು. ಸರ್ ಮೊದಲು, ಮಾತು ಆದದ್ದು ಬಹುಮಾನ ಬಂದರೆ ಎಂದರು. ಆಮೇಲೆ, ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ ಎಂದರು. ಕೊನೆಗೆ, ಗೊಂಚಲು ಶನಿವಾರದ ಗದ್ದಲದಲ್ಲಿ ಎಲ್ಲೋ ಬಿತ್ತು ಎಂದರು. ಹೇಳುವಾಗ ಪ್ಯಾಂಟಿನ ಜೇಬು ಝಣ್ ಎಂದಿತು. ಚಿದಾನಂದಪ್ಪನವರು ಜೇಬನ್ನು ನೋಡಿದರು, ಸೂರನ್ನು ನೋಡಿದರು, ಹೊಸ ಕೈ ಮಾಡಿಸಲು ಮೇಲಿನವರಿಗೆ ಬರೆಯೋಣ ಎಂದರು. ಮೇಲಿನವರು ಉತ್ತರ ಬರೆಯುವ ಹೊತ್ತಿಗೆ ಸುಮೈರಾಳ ಮೊಮ್ಮಕ್ಕಳು ಆ ಶಾಲೆಗೆ ಬರುತ್ತಾರೆ.

ಸುಮೈರಾ ಲ್ಯಾಬಿನಲ್ಲಿ ಬೀರುವಿನ ಮುಂದೆ ನಿಂತಿದ್ದಳು. ಅಳುತ್ತಿರಲಿಲ್ಲ. ಚೀಟಿ ಓದುತ್ತಿದ್ದಳು, ಅದರಲ್ಲಿ ಇನ್ನೇನೋ ಬರೆದಿದೆ ಎನ್ನುವ ಹಾಗೆ. ನಾನು ಪೊರಕೆ ಗೋಡೆಗೆ ಒರಗಿಸಿ ಹೋದೆ. ಬೀಗವನ್ನು ಹಿಡಿದು ಎಡಕ್ಕೆ ಅರ್ಧ ತಿರುವಿ, ಕೆಳಕ್ಕೆ ಒಂದು ಗುದ್ದು ಗುದ್ದಿದೆ. ಬಿಚ್ಚಿಕೊಂಡಿತು. ಒಂಬತ್ತು ವರ್ಷದಿಂದ ಹಾಗೇ ಬಿಚ್ಚಿಕೊಳ್ಳುತ್ತದೆ. ಕೆಳಗಿನ ಅರೆಯಲ್ಲಿ ಪ್ಲಾಸ್ಟಿಕ್ಕು ಸುತ್ತಿದ ಸೂಕ್ಷ್ಮದರ್ಶಕ ಇತ್ತು. ಮೇಲಿನ ಅರೆಯಲ್ಲಿ ನನ್ನ ಎಲೆ ಅಡಿಕೆ ಚೀಲ, ಊಟದ ಡಬ್ಬಿ ಇದ್ದವು.

ಹುಡುಗಿ ಮೊದಲು ಮೇಲಿನ ಅರೆಯನ್ನು ನೋಡಿದಳು. ಆಮೇಲೆ ನನ್ನನ್ನು.

“ನಿನಗ ಗೊತ್ತಿತ್ತು.”

“ನನ್ನ ಯಾರೂ ಕೇಳಿದ್ದಿಲ್ಲ,” ಎಂದೆ.

“ಎರಡು ವರ್ಷ ಕೇಳೀನಿ.”

“ಸರ್‌ನ ಕೇಳಿದ್ದಿ.”

ಅವಳು ಸೂಕ್ಷ್ಮದರ್ಶಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಕೂಸು ಎತ್ತುವವರ ಹಾಗೆ ಒಂದು ಕೈ ಕೆಳಗೆ ಕೊಟ್ಟು.

“ಹಂಗಾದ್ರ ಸರ್‌ಗೂ ನಿನಗೂ ಏನು ಬದಲಾತು, ಕಾಕಾ?”

ನಾನು ನನ್ನ ಎಲೆ ಅಡಿಕೆ ಚೀಲ, ಡಬ್ಬಿ ಎರಡನ್ನೂ ಬೀರುವಿನಿಂದ ಹೊರಗೆ ತೆಗೆದಿಟ್ಟೆ.

ಕಿಟಕಿಯ ಹತ್ತಿರ ಮೇಜಿನ ಮೇಲೆ ಇಟ್ಟಳು. ಪ್ಲಾಸ್ಟಿಕ್ಕು ತೆಗೆದಳು. ಕಂಪಾಸು ಪೆಟ್ಟಿಗೆಯಿಂದ ಸಿಪ್ಪೆ ತೆಗೆದು, ಒಂದು ಹನಿ ನೀರಿನಲ್ಲಿ ಗಾಜಿನ ಮೇಲೆ ಹರಡಿದಳು. ಪುಸ್ತಕದ ಚಿತ್ರ ನೋಡಿ ನೋಡಿ ತಿರುಪು ತಿರುಗಿಸಿದಳು. ಆಮೇಲೆ, ತಾನು ಕಣ್ಣಿಡುವ ಮೊದಲು, ನೀನು ನೋಡು ಎಂದಳು. ಕ್ಷಮಿಸಿದಳು ಎಂದುಕೊಂಡೆ. ಬಾಗಿ ನೋಡಿದೆ. ಏನೂ ಕಾಣಲಿಲ್ಲ. ಕತ್ತಲೆ, ಅದರೊಳಗೆ ನನ್ನದೇ ರೆಪ್ಪೆಗೂದಲು. ಆದರೆ ಅಷ್ಟು ಆಸೆಯಿಂದ ಎರಡು ವರ್ಷ ಕಾದ ಹುಡುಗಿಯ ಮುಂದೆ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಕಂಡಿತು ಎಂದೆ. ಏನು ಕಂಡಿತು ಎಂದು ಕೇಳಿದಳು. ಇಟ್ಟಿಗೆ ಜೋಡಿಸಿದ ಹಾಗೆ ಸಾಲು ಸಾಲು ಕೋಣೆಗಳು, ಒಂದೊಂದರಲ್ಲಿ ಒಂದೊಂದು ಚುಕ್ಕೆ, ಮೂಲೆಯದೊಂದು ಮಿಸುಕಾಡಿದಂತೆ ಇತ್ತು ಎಂದು ಬೋರ್ಡಿನ ಚಿತ್ರವನ್ನು ನೆನೆಸಿಕೊಂಡು ಚೆನ್ನಾಗಿ ಹೇಳಿದೆ.

ಸುಮೈರಾ ನೋಟ್‌ಬುಕ್ಕು ತೆರೆದು ತಾರೀಖು ಹಾಕಿ ಬರೆಯತೊಡಗಿದಳು. ಬರೆಯುತ್ತಲೇ ಗಟ್ಟಿಯಾಗಿ ಓದಿದಳು: ‘ಭೀಮರಾಜ ಕಾಕಾ ನೋಡಿದರು. ಕಂಡಿತು ಎಂದರು. ಮಿಸುಕಾಡಿತು ಎಂದರು.’

ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಕೈ ಹಾಕಿ, ಅಲ್ಲಿದ್ದ ಪುಟ್ಟ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

“ಇಷ್ಟೊತ್ತು ಕನ್ನಡಿ ತಿರುವಿದ್ದಿಲ್ಲ ಕಾಕಾ. ಅದು ಕಂಟ್ರೋಲು,” ಎಂದಳು. “ಈಗ ಸರಿ, ನಾ ನೋಡ್ತೀನಿ.”

ಬಾಗಿ ಕಣ್ಣಿಟ್ಟಳು. ಬಹಳ ಹೊತ್ತು ಏಳಲಿಲ್ಲ. ನಾನು ಹೋಗಿ ಮೂರನೇ ಪಿರಿಯಡ್ಡಿನ ಗಂಟೆ ಬಾರಿಸಿ ಬಂದೆ, ಆಗಲೂ ಎದ್ದಿರಲಿಲ್ಲ. ಪಕ್ಕದ ಕೋಣೆಯಿಂದ ಸರ್ ಹತ್ತನೇ ತರಗತಿಗೆ ‘ಇಡತಕ್ಕದ್ದು’ ಎನ್ನುವುದು ಕೇಳುತ್ತಿತ್ತು. ನಾನು ನನ್ನ ಸರದಿಗಾಗಿ ಹಿಂದೆ ನಿಂತುಕೊಂಡೆ, ಬಾಯಿ ಮುಚ್ಚಿಕೊಂಡು.